ಸೇಬಿನ ಗುಣಮಟ್ಟ ಮತ್ತು ಸಂಗ್ರಹಣಾ ಅವಧಿ ಹೆಚ್ಚಿಸಲು ತೋಟದಲ್ಲಿ ಕೈಗೊಳ್ಳಬೇಕಾದ ಸಿಂಪರಣೆಗಳು

ಪೀಠಿಕೆ

ಸೇಬು ನಮ್ಮ ದೇಶದಲ್ಲಿ ಮುಖ್ಯವಾಗಿ ಜಮ್ಮು ಮತ್ತು ಕಾಶ್ಮೀರ, ಹಿಮಾಚಲ ಪ್ರದೇಶ ಹಾಗೂ ಉತ್ತರಾಖಂಡದ ಬೆಟ್ಟ ಪ್ರದೇಶಗಳಲ್ಲಿ ಬೆಳೆಯುವ ಶೀತವಲಯದ ಹಣ್ಣಿನ ಬೆಳೆ. ಶಿಮ್ಲಾ ಜಿಲ್ಲೆಯ ಕೋಟಗಢ ಪ್ರದೇಶದಲ್ಲಿ ಸ್ಯಾಮ್ಯುಯೆಲ್ ಸ್ಟೋಕ್ಸ್ ಅವರು 1910ರ ದಶಕದಲ್ಲಿ ಅಮೆರಿಕದ ಡೆಲಿಶಿಯಸ್ ತಳಿಯನ್ನು ನೆಟ್ಟ ನಂತರ ಹಿಮಾಚಲದಲ್ಲಿ ವಾಣಿಜ್ಯ ಸೇಬು ಬೇಸಾಯ ಬೇರೂರಿತು. ಇಂದಿಗೂ ಈ ರಾಜ್ಯಗಳ ತೋಟಗಳಲ್ಲಿ ರೆಡ್ ಡೆಲಿಶಿಯಸ್, ರಾಯಲ್ ಡೆಲಿಶಿಯಸ್ ಮೊದಲಾದ ಡೆಲಿಶಿಯಸ್ ಗುಂಪಿನ ತಳಿಗಳೇ ಪ್ರಧಾನವಾಗಿವೆ.

ಎತ್ತರ ಮತ್ತು ತಳಿಗೆ ಅನುಗುಣವಾಗಿ ಈ ಪ್ರದೇಶಗಳ ಮುಖ್ಯ ಕೊಯ್ಲು ಜುಲೈ ಅಂತ್ಯದಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ. ಕೆಲವೇ ತಿಂಗಳುಗಳಲ್ಲಿ ಕೈಗೆ ಬರುವ ಈ ಫಸಲನ್ನು ಒಮ್ಮೆಲೇ ಮಾರಿದರೆ ಬೆಲೆ ಕುಸಿಯುತ್ತದೆ. ಆದುದರಿಂದ ಅದರ ಒಂದು ಭಾಗವನ್ನು ಶೀತಲಗೃಹ ಅಥವಾ ನಿಯಂತ್ರಿತ ವಾತಾವರಣದ ಉಗ್ರಾಣಗಳಲ್ಲಿರಿಸಿ ಚಳಿಗಾಲದ ಕೊನೆಯಲ್ಲಿ ಮತ್ತು ಬೇಸಿಗೆಯಲ್ಲಿ ಮಾರುಕಟ್ಟೆಗೆ ಬಿಡಲಾಗುತ್ತದೆ. ಶಿಮ್ಲಾ ಅಥವಾ ಸೋಪೋರಿನಿಂದ ಬೆಂಗಳೂರಿನ ಮಾರುಕಟ್ಟೆ ತಲುಪಲು ಹಣ್ಣು 2000 ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣ ಮಾಡಬೇಕು. ಈ ಕಾಲಾವಧಿ ಮತ್ತು ದೂರವನ್ನು ತಾಳಿಕೊಳ್ಳುವ ಶಕ್ತಿ ಎಲ್ಲ ಹಣ್ಣುಗಳಿಗೂ ಇರುವುದಿಲ್ಲ.

ಶೀತಲಗೃಹಕ್ಕೆ ಸೇರಿಸುವಾಗ ನಿರ್ದೋಷವಾಗಿ ಕಂಡ ಹಣ್ಣು ಎರಡು ತಿಂಗಳ ನಂತರ ಪೆಟ್ಟಿಗೆ ತೆರೆದಾಗ ಕಂದು ಕುಳಿಗಳಿಂದ ತುಂಬಿರುವುದನ್ನು ಅನೇಕ ಬೆಳೆಗಾರರು ಕಂಡಿದ್ದಾರೆ. ಪ್ಯಾಕಿಂಗ್, ಸಾಗಣೆ ಮತ್ತು ಉಗ್ರಾಣದ ಬಾಡಿಗೆ ಭರಿಸಿದ ಮೇಲೆ ಉಂಟಾಗುವ ಈ ನಷ್ಟವನ್ನು ಆ ಹಂತದಲ್ಲಿ ಸರಿಪಡಿಸಲು ಸಾಧ್ಯವಿಲ್ಲ. ಶೀತಲಗೃಹವು ಹಣ್ಣಿನಲ್ಲಿರುವ ಗುಣವನ್ನು ಕಾಪಾಡಬಲ್ಲದೇ ಹೊರತು ಇಲ್ಲದ ಗುಣವನ್ನು ತುಂಬಲಾರದು. ಹಣ್ಣಿನ ಸಂಗ್ರಹಣಾ ಅವಧಿ ತೋಟದಲ್ಲಿಯೇ, ಹೂವು ಉದುರಿದ ದಿನದಿಂದ ಕೊಯ್ಲಿನವರೆಗಿನ ನಾಲ್ಕೈದು ತಿಂಗಳುಗಳಲ್ಲಿ ನಿರ್ಧಾರವಾಗುತ್ತದೆ. ಇದರಲ್ಲಿ ಅತಿ ಮುಖ್ಯ ಪಾತ್ರ ಕ್ಯಾಲ್ಸಿಯಂ ಪೋಷಕಾಂಶದ್ದು.

ಹಣ್ಣಿನಲ್ಲಿ ಕ್ಯಾಲ್ಸಿಯಂನ ಪಾತ್ರ

ಹಣ್ಣಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಪದಾರ್ಥಕ್ಕೆ ಕ್ಯಾಲ್ಸಿಯಂ ಬಿಗುವು ನೀಡುತ್ತದೆ. ಕೋಶಪೊರೆಗಳು ಸೋರದಂತೆ ಕಾಪಾಡುತ್ತದೆ, ಉಸಿರಾಟ ಮತ್ತು ಮಾಗುವಿಕೆಯ ವೇಗವನ್ನು ತಗ್ಗಿಸುತ್ತದೆ. ಸಾಕಷ್ಟು ಕ್ಯಾಲ್ಸಿಯಂ ಇರುವ ಹಣ್ಣು ಗಟ್ಟಿಯಾಗಿ ಉಳಿಯುತ್ತದೆ, ನಿಧಾನವಾಗಿ ಮಾಗುತ್ತದೆ ಮತ್ತು ಉಗ್ರಾಣದಲ್ಲಿ ಕೊಳೆರೋಗಗಳಿಗೆ ಸುಲಭವಾಗಿ ತುತ್ತಾಗುವುದಿಲ್ಲ.

ಸೇಬಿನ ಎಲೆಯ ಒಣ ತೂಕದಲ್ಲಿ ಸಾಮಾನ್ಯವಾಗಿ ಶೇ. 1.5ರಿಂದ 2ರಷ್ಟು ಕ್ಯಾಲ್ಸಿಯಂ ಇರುತ್ತದೆ. ಅದೇ ಮರದ ಹಣ್ಣಿನಲ್ಲಿ ಇದರ ಅಲ್ಪಾಂಶ ಮಾತ್ರ ಇರುತ್ತದೆ. ದೀರ್ಘಕಾಲ ಸಂಗ್ರಹಿಸುವ ಹಣ್ಣಿನ 100 ಗ್ರಾಂ ತಾಜಾ ತಿರುಳಿನಲ್ಲಿ ಸುಮಾರು 5 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅದನ್ನು ಸುರಕ್ಷಿತ ಮಟ್ಟವೆಂದು ಪರಿಗಣಿಸಬಹುದು. ಇದಕ್ಕಿಂತ ಗಣನೀಯವಾಗಿ ಕಡಿಮೆಯಾದಾಗ ಉಗ್ರಾಣದ ತೊಂದರೆಗಳು ಹೆಚ್ಚುತ್ತವೆ. ಎಲೆ ವಿಶ್ಲೇಷಣೆಯಲ್ಲಿ ಕ್ಯಾಲ್ಸಿಯಂ ಸಮೃದ್ಧವಾಗಿದೆ ಎಂದು ಕಂಡುಬಂದರೂ ಹಣ್ಣಿನಲ್ಲಿ ಕೊರತೆ ಇರಬಹುದು ಎಂಬುದನ್ನು ವಿಸ್ತರಣಾ ಕಾರ್ಯಕರ್ತರು ಗಮನದಲ್ಲಿಡಬೇಕು.

ಇದಕ್ಕೆ ಕಾರಣ ಕ್ಯಾಲ್ಸಿಯಂ ಗಿಡದೊಳಗೆ ಚಲಿಸುವ ರೀತಿ. ಬೇರು ಹೀರಿದ ನೀರಿನೊಂದಿಗೆ ಕ್ಸೈಲಂ ನಾಳಗಳ ಮೂಲಕ ಅದು ಮೇಲೇರುತ್ತದೆ. ಹೆಚ್ಚು ನೀರನ್ನು ಆವಿಯಾಗಿ ಬಿಡುವ ಎಲೆ ಮತ್ತು ಚಿಗುರುಗಳು ಅದರ ಬಹುಪಾಲನ್ನು ಸೆಳೆದುಕೊಳ್ಳುತ್ತವೆ. ಒಮ್ಮೆ ಎಲೆ ಸೇರಿದ ಕ್ಯಾಲ್ಸಿಯಂ ಫ್ಲೋಯಂ ನಾಳಗಳ ಮೂಲಕ ಹಣ್ಣಿಗೆ ಮರಳುವುದು ಅತ್ಯಲ್ಪ. ಹೂವು ಉದುರಿದ ನಂತರದ ನಾಲ್ಕರಿಂದ ಆರು ವಾರಗಳಲ್ಲಿ ಕಾಯಿಯ ಕೋಶಗಳು ವಿಭಜನೆಯಾಗುವಾಗ ಕ್ಯಾಲ್ಸಿಯಂ ಚೆನ್ನಾಗಿ ಒಳಸೇರುತ್ತದೆ. ನಂತರ ಕಾಯಿ ಹಿಗ್ಗಿದಂತೆ ಅದರೊಳಗಿನ ಕ್ಸೈಲಂ ನಾಳಗಳು ಕ್ರಮೇಣ ಕಡಿದುಹೋಗುತ್ತವೆ. ಗಾತ್ರ ಬೆಳೆಯುತ್ತದೆ, ಕ್ಯಾಲ್ಸಿಯಂ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ.

ಟೊಮ್ಯಾಟೊ ಬೆಳೆಯುವ ರೈತರಿಗೆ ಈ ಸಂಗತಿ ಪರಿಚಿತವಾದದ್ದೇ. ಮಣ್ಣಿನಲ್ಲಿ ಸುಣ್ಣಾಂಶ ಸಾಕಷ್ಟಿದ್ದರೂ ನೀರಿನ ಏರುಪೇರಿನಿಂದ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದೂ ಕಾಯಿಗೆ ಕ್ಯಾಲ್ಸಿಯಂ ತಲುಪದ ಕಾರಣದಿಂದಲೇ.

ಕೊರತೆಯ ಲಕ್ಷಣಗಳು

ಕಹಿಕುಳಿ: ಬೆಳೆಗಾರರು ಬಿಟರ್ ಪಿಟ್ ಎಂದು ಕರೆಯುವ ಈ ದೋಷವು ಕ್ಯಾಲ್ಸಿಯಂ ಕೊರತೆಯ ಮುಖ್ಯ ಲಕ್ಷಣ. ಹಣ್ಣಿನ ಮೇಲೆ, ವಿಶೇಷವಾಗಿ ತೊಟ್ಟಿನ ಎದುರಿನ ತುದಿಯ ಭಾಗದಲ್ಲಿ, ಕೆಲವು ಮಿಲಿಮೀಟರ್ ಅಗಲದ ತಗ್ಗಾದ ಚುಕ್ಕೆಗಳು ಮೂಡುತ್ತವೆ. ಸಿಪ್ಪೆ ತೆಗೆದರೆ ಕೆಳಗಿನ ತಿರುಳು ಕಂದು ಬಣ್ಣದ ಒಣ ಬೆಂಡಿನಂತೆ ಕಾಣುತ್ತದೆ. ಕೊಯ್ಲಿನ ವೇಳೆಗೆ ಕೆಲವು ಹಣ್ಣುಗಳಲ್ಲಿ ಮಾತ್ರ ಕಾಣಿಸಿಕೊಂಡು, ಸಂಗ್ರಹಣೆಯ ಮೊದಲ ಒಂದೆರಡು ತಿಂಗಳಲ್ಲಿ ಉಳಿದವುಗಳಲ್ಲಿ ಪ್ರಕಟವಾಗುತ್ತದೆ. ಇದು ಶಿಲೀಂಧ್ರದಿಂದಾಗಲಿ ಕೀಟದಿಂದಾಗಲಿ ಬರುವುದಲ್ಲ. ಆದುದರಿಂದ ಶಿಲೀಂಧ್ರನಾಶಕ ಅಥವಾ ಕೀಟನಾಶಕ ಸಿಂಪಡಿಸಿ ಇದನ್ನು ತಡೆಯಲಾಗದು.

ಒಳಗಿನ ಕುಸಿತ: ಸಂಗ್ರಹಿಸಿದ ಹಣ್ಣಿನ ತಿರುಳು ಮೆತ್ತಗಾಗಿ, ಹಿಟ್ಟಿನಂತಾಗಿ, ಕಂದು ಬಣ್ಣಕ್ಕೆ ತಿರುಗುತ್ತದೆ. ದೊಡ್ಡ ಗಾತ್ರದ ಮತ್ತು ತಡವಾಗಿ ಕೊಯ್ದ ಹಣ್ಣುಗಳಲ್ಲಿ ಹೆಚ್ಚು.

ಸಿಪ್ಪೆ ಸುಟ್ಟಂತಾಗುವ ಸ್ಕಾಲ್ಡ್ ದೋಷವನ್ನು ಕಹಿಕುಳಿಯೊಂದಿಗೆ ಗೊಂದಲಿಸಬಾರದು. ಸ್ಕಾಲ್ಡ್‌ನಲ್ಲಿ ಸಿಪ್ಪೆ ಮಾತ್ರ ಹರಡಿದಂತೆ ಕಂದಾಗುತ್ತದೆ, ಪ್ರತ್ಯೇಕ ಕುಳಿಗಳಿರುವುದಿಲ್ಲ. ಬಲಿಯುವ ಮೊದಲೇ ಕೊಯ್ದ ಹಣ್ಣುಗಳಲ್ಲಿ ಅದು ಹೆಚ್ಚು. ಅದನ್ನು ಕ್ಯಾಲ್ಸಿಯಂ ಸಿಂಪರಣೆಯೊಂದರಿಂದಲೇ ತಡೆಯಲು ಸಾಧ್ಯವಿಲ್ಲ.

ಕೊರತೆ ಹೆಚ್ಚಾಗುವ ಸಂದರ್ಭಗಳು

1. ಮರದಲ್ಲಿ ಫಸಲು ಕಡಿಮೆ ಇದ್ದು ಹಣ್ಣುಗಳು ಅತಿ ದೊಡ್ಡದಾದಾಗ. ವರ್ಷ ಬಿಟ್ಟು ವರ್ಷ ಫಲ ನೀಡುವ ತೋಟಗಳಲ್ಲಿ ಕಡಿಮೆ ಫಸಲಿನ ವರ್ಷವೇ ಕಹಿಕುಳಿಯ ವರ್ಷವಾಗಿರುತ್ತದೆ.

2. ಸಾರಜನಕ ಹೆಚ್ಚಾಗಿ ನೀಡಿದಾಗ ಅಥವಾ ಚಳಿಗಾಲದಲ್ಲಿ ಅತಿಯಾಗಿ ಸವರಿದಾಗ. ಎರಡರಿಂದಲೂ ಚಿಗುರು ಜೋರಾಗಿ ಬೆಳೆದು ಕ್ಯಾಲ್ಸಿಯಂಗಾಗಿ ಕಾಯಿಯೊಡನೆ ಪೈಪೋಟಿ ನಡೆಸುತ್ತದೆ.

3. ಪೊಟ್ಯಾಷ್ ಮತ್ತು ಮೆಗ್ನೀಷಿಯಂ ಗೊಬ್ಬರಗಳನ್ನು ಮಣ್ಣು ಪರೀಕ್ಷೆಯ ಆಧಾರವಿಲ್ಲದೆ ಅಧಿಕವಾಗಿ ಬಳಸಿದಾಗ.

4. ಹೂವು ಉದುರಿದ ನಂತರದ ವಾರಗಳಲ್ಲಿ ಮಣ್ಣಿನ ತೇವಾಂಶ ಕಡಿಮೆಯಾದಾಗ. ಹಿಮಾಚಲದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗಿನ ಒಣ ಅವಧಿ ಈ ದೃಷ್ಟಿಯಿಂದ ನಿರ್ಣಾಯಕ. ನೀರಾವರಿ ಇಲ್ಲದ ಇಳಿಜಾರು ತೋಟಗಳಲ್ಲಿ ಒಣಹುಲ್ಲಿನ ಹೊದಿಕೆ ಹಾಕುವುದು ಉಪಯುಕ್ತ.

5. ಮಣ್ಣು ಹುಳಿಯಾಗಿದ್ದಾಗ. ರಸಸಾರ 5.5ಕ್ಕಿಂತ ಕಡಿಮೆ ಇದ್ದರೆ ಪರೀಕ್ಷೆಯ ಶಿಫಾರಸಿನಂತೆ ಸುಣ್ಣ ಹಾಕಬೇಕು. ಇದರ ಫಲ ನಿಧಾನವಾಗಿ ದೊರೆಯುತ್ತದೆ.

6. ಎಳೆಯ ಮರಗಳ ಮೊದಲ ಕೆಲವು ಫಸಲುಗಳಲ್ಲಿ.

ಈ ಕಾರಣಗಳನ್ನು ಸರಿಪಡಿಸದೆ ಸಿಂಪರಣೆಯೊಂದನ್ನೇ ನಂಬಿದರೆ ನಿರೀಕ್ಷಿತ ಫಲ ದೊರೆಯದು.

ಕ್ಯಾಲ್ಸಿಯಂ ಸಿಂಪರಣೆ

ಸಿಂಪರಣೆಯ ಮೂಲ ನಿಯಮ ಒಂದೇ: ದ್ರಾವಣವು ಹಣ್ಣಿನ ಮೈಮೇಲೆ ಬೀಳಬೇಕು. ಎಲೆಯ ಮೇಲೆ ಬಿದ್ದ ಕ್ಯಾಲ್ಸಿಯಂ ಎಲೆಯಲ್ಲಿಯೇ ಉಳಿಯುತ್ತದೆ. ಹಣ್ಣಿನ ಸಿಪ್ಪೆಯ ಮೂಲಕ ಪ್ರತಿ ಬಾರಿ ಒಳಸೇರುವ ಪ್ರಮಾಣವೂ ಅತ್ಯಲ್ಪ. ಆದುದರಿಂದ ಒಂದು ಬಾರಿ ಗಾಢವಾಗಿ ಸಿಂಪಡಿಸುವುದಕ್ಕಿಂತ ಸೌಮ್ಯ ದ್ರಾವಣವನ್ನು ಹಲವು ಬಾರಿ ಸಿಂಪಡಿಸುವುದು ಸುರಕ್ಷಿತ ಮತ್ತು ಹೆಚ್ಚು ಫಲಕಾರಿ.

ಅ) ಕ್ಯಾಲ್ಸಿಯಂನ ಮೂಲಗಳು

ಕ್ಯಾಲ್ಸಿಯಂ ಕ್ಲೋರೈಡ್: ಅಗ್ಗವಾದ, ಹೆಚ್ಚು ಬಳಕೆಯಲ್ಲಿರುವ ಮೂಲ. ಡೈಹೈಡ್ರೇಟ್ ರೂಪದಲ್ಲಿ ಸುಮಾರು ಶೇ. 27ರಷ್ಟು ಮತ್ತು ನೀರಿನಂಶವಿಲ್ಲದ ಶುದ್ಧ ರೂಪದಲ್ಲಿ ಸುಮಾರು ಶೇ. 36ರಷ್ಟು ಕ್ಯಾಲ್ಸಿಯಂ ಇರುತ್ತದೆ. ಡೈಹೈಡ್ರೇಟ್ 1 ಕಿ.ಗ್ರಾಂ ಬಳಸುವ ಕಡೆ ನೀರಿನಂಶವಿಲ್ಲದ ರೂಪ 750 ಗ್ರಾಂ ಸಾಕು. ಚೀಲದ ಮೇಲಿನ ವಿವರ ಓದದೆ ಎರಡನ್ನೂ ಒಂದೇ ಪ್ರಮಾಣದಲ್ಲಿ ಬಳಸಿದರೆ ಎಲೆ ಸುಡುವ ಸಂಭವವಿದೆ.

ಕ್ಯಾಲ್ಸಿಯಂ ನೈಟ್ರೇಟ್: ಗೊಬ್ಬರ ದರ್ಜೆಯದರಲ್ಲಿ ಸುಮಾರು ಶೇ. 19ರಷ್ಟು ಕ್ಯಾಲ್ಸಿಯಂ ಮತ್ತು ಶೇ. 15.5ರಷ್ಟು ಸಾರಜನಕವಿರುತ್ತದೆ. 1 ಕಿ.ಗ್ರಾಂ ಡೈಹೈಡ್ರೇಟ್ ಕ್ಲೋರೈಡ್‌ನಷ್ಟೇ ಕ್ಯಾಲ್ಸಿಯಂ ಪಡೆಯಲು ಇದು ಸುಮಾರು 1.4 ಕಿ.ಗ್ರಾಂ ಬೇಕು. ಅದರೊಂದಿಗೆ 200 ಗ್ರಾಂಗೂ ಹೆಚ್ಚು ಸಾರಜನಕ ಮರಕ್ಕೆ ಸೇರುತ್ತದೆ. ಡೆಲಿಶಿಯಸ್ ಗುಂಪಿನಲ್ಲಿ ಇದು ಹಣ್ಣಿನ ಮೇಲೆ ಚುಕ್ಕೆ ಮೂಡಿಸಬಹುದು ಹಾಗೂ ಬಣ್ಣ ಬರುವುದನ್ನು ತಡಮಾಡಬಹುದು. ಸಂಗ್ರಹಿಸುವ ಹಣ್ಣಿಗೆ ಇದು ಮೊದಲ ಆಯ್ಕೆಯಲ್ಲ.

ದ್ರವರೂಪದ ಮತ್ತು ಕೀಲೇಟ್ ಉತ್ಪನ್ನಗಳು: ಇವು ಎಲೆಗೆ ಸೌಮ್ಯವಾಗಿರುತ್ತವೆ. ಆದರೆ ಕೊಳ್ಳುವಾಗ ಬಾಟಲಿಯ ಬೆಲೆಯ ಬದಲು ಅದರಲ್ಲಿರುವ ಕ್ಯಾಲ್ಸಿಯಂನ ಬೆಲೆಯನ್ನು ಲೆಕ್ಕಹಾಕಬೇಕು. ಉದಾಹರಣೆಗೆ, ಶೇ. 10ರಷ್ಟು ಕ್ಯಾಲ್ಸಿಯಂ ಇರುವ ಉತ್ಪನ್ನದ 500 ಗ್ರಾಂನಲ್ಲಿ ದೊರೆಯುವುದು 50 ಗ್ರಾಂ ಕ್ಯಾಲ್ಸಿಯಂ. 1 ಕಿ.ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್‌ನಲ್ಲಿ ದೊರೆಯುವುದು 270 ಗ್ರಾಂ. 200 ಲೀಟರ್ ನೀರಿಗೆ ಇಂತಹ ಉತ್ಪನ್ನದ 500 ಗ್ರಾಂ ಮಾತ್ರ ಬೆರೆಸಿದಾಗ ಹಣ್ಣಿನ ಮೇಲೆ ಬೀಳುವ ಕ್ಯಾಲ್ಸಿಯಂ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಆ) ಪ್ರಮಾಣ ಮತ್ತು ಸಮಯ

ಕೆಳಗಿನ ಪ್ರಮಾಣಗಳು ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್‌ಗೆ ಅನ್ವಯಿಸುತ್ತವೆ.

ಕನಿಷ್ಠ ಕ್ರಮ: ಶೇ. 0.5ರ ದ್ರಾವಣ, ಅಂದರೆ ಪ್ರತಿ ಲೀಟರ್ ನೀರಿಗೆ 5 ಗ್ರಾಂ ಅಥವಾ 200 ಲೀಟರ್ ಡ್ರಮ್ಮಿಗೆ 1 ಕಿ.ಗ್ರಾಂ. ಕೊಯ್ಲಿಗೆ ಸುಮಾರು 45 ದಿನ ಮುಂಚೆ ಒಮ್ಮೆ ಮತ್ತು 30 ದಿನ ಮುಂಚೆ ಇನ್ನೊಮ್ಮೆ ಸಿಂಪಡಿಸಬೇಕು.

ದೀರ್ಘ ಸಂಗ್ರಹಣೆಗೆ ಉದ್ದೇಶಿಸಿದ ತೋಟಗಳಿಗೆ ಹಾಗೂ ಹಿಂದಿನ ವರ್ಷ ಕಹಿಕುಳಿ ಕಂಡ ತೋಟಗಳಿಗೆ 4ರಿಂದ 6 ಸಿಂಪರಣೆಗಳ ಕ್ರಮ:

• ಮೊದಲ ಸಿಂಪರಣೆ: ಹೂವಿನ ದಳಗಳು ಉದುರಿದ ಮೂರರಿಂದ ನಾಲ್ಕು ವಾರಗಳ ನಂತರ. ಎಲೆ ಮತ್ತು ಕಾಯಿ ಎಳೆಯದಾಗಿರುವುದರಿಂದ ಪ್ರತಿ ಲೀಟರ್‌ಗೆ 2 ಗ್ರಾಂ ಮಾತ್ರ.

• ಎರಡನೆಯ ಮತ್ತು ಮೂರನೆಯ ಸಿಂಪರಣೆ: ನಂತರ ಎರಡರಿಂದ ಮೂರು ವಾರಗಳ ಅಂತರದಲ್ಲಿ, ಪ್ರತಿ ಲೀಟರ್‌ಗೆ 3 ಗ್ರಾಂ.

• ಕೊನೆಯ ಸಿಂಪರಣೆಗಳು: ಕೊಯ್ಲಿಗೆ 45 ಮತ್ತು 30 ದಿನ ಮುಂಚೆ, ಪ್ರತಿ ಲೀಟರ್‌ಗೆ 4ರಿಂದ 5 ಗ್ರಾಂ. ಕಡಿಮೆ ಫಸಲಿನ ವರ್ಷದಲ್ಲಿ ಕೊಯ್ಲಿಗೆ 15 ದಿನ ಮುಂಚೆ ಇನ್ನೊಂದು ಸಿಂಪರಣೆ ನೀಡಬಹುದು.

ಇ) ಸಿಂಪಡಿಸುವ ವಿಧಾನ

1. ಕ್ಯಾಲ್ಸಿಯಂ ಕ್ಲೋರೈಡನ್ನು ಮೊದಲು ಬಕೆಟ್ಟಿನ ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಿ ಕರಗಿಸಬೇಕು. ನೀರಿನಂಶವಿಲ್ಲದ ರೂಪ ಕರಗುವಾಗ ನೀರು ಬಿಸಿಯಾಗುತ್ತದೆ. ಪುಡಿಯ ಮೇಲೆ ನೀರು ಸುರಿಯಬಾರದು. ಕೈಗವಸು ಮತ್ತು ಕನ್ನಡಕ ಧರಿಸಬೇಕು.

2. ಅರ್ಧ ನೀರು ತುಂಬಿದ ಡ್ರಮ್ಮಿಗೆ ಈ ದ್ರಾವಣವನ್ನು ಸೋಸಿ ಸುರಿದು, ನಂತರ ಉಳಿದ ನೀರು ತುಂಬಿಸಿ ಚೆನ್ನಾಗಿ ಕಲಕಬೇಕು. ಶಿಫಾರಸಿನ ಪ್ರಮಾಣದಲ್ಲಿ ಅಂಟುದ್ರಾವಣ ಸೇರಿಸಬಹುದು.

3. ಪೂರ್ಣ ಬೆಳೆದ ದೊಡ್ಡ ಮರಕ್ಕೆ ಸುಮಾರು 8ರಿಂದ 10 ಲೀಟರ್ ದ್ರಾವಣ ಬೇಕಾಗುತ್ತದೆ. ಮರದ ಒಳಭಾಗದ ಹಾಗೂ ಮೇಲ್ತುದಿಯ ಹಣ್ಣುಗಳು ಸಾಮಾನ್ಯವಾಗಿ ತಪ್ಪಿಹೋಗುತ್ತವೆ. ಮೇಲ್ತುದಿಯ ದೊಡ್ಡ ಹಣ್ಣುಗಳಿಗೆ ಕಹಿಕುಳಿ ಹೆಚ್ಚು ಬರುವುದರಿಂದ ಅಲ್ಲಿಗೆ ವಿಶೇಷ ಗಮನ ಕೊಡಬೇಕು.

4. ಬೆಳಗಿನ ಹೊತ್ತು ಅಥವಾ ಸಂಜೆ ಸಿಂಪಡಿಸಬೇಕು. ತಾಪಮಾನ 28 ಡಿಗ್ರಿ ಸೆಲ್ಸಿಯಸ್ ಮೀರಿದಾಗ, ಮರಗಳು ನೀರಿನ ಕೊರತೆಯಿಂದ ಬಾಡಿರುವಾಗ ಹಾಗೂ ಎಲೆ ಒಣಗದಷ್ಟು ಮೋಡ ಕವಿದಿರುವಾಗ ಸಿಂಪಡಿಸಿದರೆ ಎಲೆಯ ಅಂಚು ಸುಡುತ್ತದೆ. ಕಾಶ್ಮೀರ ಕಣಿವೆಯಲ್ಲಿ ಜುಲೈ ಮತ್ತು ಆಗಸ್ಟ್‌ನ ಬಿಸಿಲಿನ ದಿನಗಳಲ್ಲಿ ಈ ಎಚ್ಚರ ಅಗತ್ಯ.

5. ಹಿಮಾಚಲದಲ್ಲಿ ಕೊನೆಯ ಸಿಂಪರಣೆಗಳು ಮಳೆಗಾಲದಲ್ಲಿ ಬರುತ್ತವೆ. ಸಿಂಪಡಿಸಿದ ದಿನವೇ ಜೋರು ಮಳೆ ಬಂದರೆ ಲವಣ ತೊಳೆದುಹೋಗುತ್ತದೆ. ಬಿಡುವು ದೊರೆತಾಗ ಮತ್ತೆ ಸಿಂಪಡಿಸಬೇಕು.

6. ಕೆಲಸ ಮುಗಿದ ಕೂಡಲೇ ಪಂಪ್, ಕೊಳವೆ ಮತ್ತು ನಳಿಕೆಗಳನ್ನು ಶುದ್ಧ ನೀರಿನಿಂದ ತೊಳೆಯಬೇಕು. ಕ್ಲೋರೈಡ್ ಲೋಹದ ಭಾಗಗಳನ್ನು ತುಕ್ಕು ಹಿಡಿಸುತ್ತದೆ.

ಈ) ಬೆರೆಸಬಾರದ ಪದಾರ್ಥಗಳು

ಕ್ಯಾಲ್ಸಿಯಂ ದ್ರಾವಣವನ್ನು ಮೆಗ್ನೀಷಿಯಂ ಸಲ್ಫೇಟ್, ಸತುವಿನ ಸಲ್ಫೇಟ್ ಮೊದಲಾದ ಸಲ್ಫೇಟುಗಳೊಂದಿಗೆ ಹಾಗೂ ರಂಜಕಯುಕ್ತ ನೀರಿನಲ್ಲಿ ಕರಗುವ ಗೊಬ್ಬರಗಳೊಂದಿಗೆ ಬೆರೆಸಬಾರದು. ಜಿಪ್ಸಂ ಅಥವಾ ಕ್ಯಾಲ್ಸಿಯಂ ಫಾಸ್ಫೇಟ್ ಗಸಿಯಾಗಿ ಕೂತು ನಳಿಕೆಗಳು ಕಟ್ಟಿಕೊಳ್ಳುತ್ತವೆ, ಎರಡು ಪೋಷಕಾಂಶಗಳೂ ವ್ಯರ್ಥವಾಗುತ್ತವೆ. ಬೋರ್ಡೋ ದ್ರಾವಣ ಮತ್ತು ಖನಿಜ ತೈಲಗಳೊಂದಿಗೂ ಬೆರೆಸಬಾರದು. ಪೀಡೆನಾಶಕಗಳೊಂದಿಗೆ ಬೆರೆಸಲೇಬೇಕಾದಾಗ ಮೊದಲು ಗಾಜಿನ ಜಾಡಿಯಲ್ಲಿ ಅದೇ ಅನುಪಾತದಲ್ಲಿ ಬೆರೆಸಿ ಅರ್ಧ ಗಂಟೆ ಗಮನಿಸಬೇಕು. ನಂತರ ಒಂದೆರಡು ಮರಗಳ ಮೇಲೆ ಪ್ರಯೋಗಿಸಿ, ಎಲೆ ಸುಡದಿದ್ದರೆ ಮಾತ್ರ ಇಡೀ ತೋಟಕ್ಕೆ ಬಳಸಬೇಕು.

ಬೋರಾನ್ ಸಿಂಪರಣೆ

ಬೋರಾನ್ ಕೊರತೆಯಿಂದ ಕಾಯಿಗಳು ವಿಕಾರವಾಗುತ್ತವೆ, ಬಿರುಕು ಬಿಡುತ್ತವೆ ಮತ್ತು ತಿರುಳಿನ ಒಳಗೆ ಕಂದು ಬೆಂಡು ಕಟ್ಟುತ್ತದೆ. ಇದು ಕಾಯಿ ಬೆಳೆಯುವ ಹಂತದಲ್ಲಿಯೇ ಕಾಣಿಸಿಕೊಳ್ಳುತ್ತದೆ ಮತ್ತು ಹಣ್ಣಿನ ನಡುಭಾಗದವರೆಗೂ ಹರಡಬಹುದು. ಕಹಿಕುಳಿ ತಡವಾಗಿ ಬರುತ್ತದೆ ಮತ್ತು ಬಹುಪಾಲು ಸಿಪ್ಪೆಯ ಕೆಳಗಿನ ಪದರಕ್ಕೆ ಸೀಮಿತವಾಗಿರುತ್ತದೆ. ಈ ವ್ಯತ್ಯಾಸ ಗುರುತಿಸಿದ ನಂತರವೇ ಚಿಕಿತ್ಸೆ ನಿರ್ಧರಿಸಬೇಕು.

ಕೊರತೆ ದೃಢಪಟ್ಟ ತೋಟಗಳಲ್ಲಿ ದಳಗಳು ಉದುರಿದ ನಂತರ ಶೇ. 0.1ರ ಬೋರಿಕ್ ಆಮ್ಲವನ್ನು, ಅಂದರೆ 200 ಲೀಟರ್ ನೀರಿಗೆ 200 ಗ್ರಾಂ, ಸಿಂಪಡಿಸಬೇಕು. ಎಲೆ ವಿಶ್ಲೇಷಣೆ ಮಾಡಿಸದೆ ಪ್ರತಿ ವರ್ಷ ಪುನರಾವರ್ತಿಸುವುದು ಸರಿಯಲ್ಲ. ಬೋರಾನ್ ಅಧಿಕವಾದರೆ ಹಣ್ಣು ಬೇಗ ಮಾಗಿ, ಬೇಗ ಉದುರಿ, ಉಗ್ರಾಣದಲ್ಲಿ ಬೇಗ ಕುಸಿಯುತ್ತದೆ.

ಸಾರಜನಕ ಮತ್ತು ಯೂರಿಯಾ ಸಿಂಪರಣೆ

ಬೇಸಿಗೆಯ ನಂತರ ಹಣ್ಣಿನ ಗಾತ್ರ ಹೆಚ್ಚಿಸುವ ಉದ್ದೇಶದಿಂದ ಯೂರಿಯಾ ಸಿಂಪಡಿಸುವ ರೂಢಿ ಕೆಲವೆಡೆ ಇದೆ. ಇದರಿಂದ ತೂಕ ಹೆಚ್ಚಿದರೂ ಕೆಂಪು ಬಣ್ಣ ಮಸುಕಾಗುತ್ತದೆ, ತಿರುಳು ಮೆತ್ತಗಾಗುತ್ತದೆ ಮತ್ತು ಕಹಿಕುಳಿ ಹೆಚ್ಚುತ್ತದೆ. ಸಂಗ್ರಹಣೆಗೆ ಉದ್ದೇಶಿಸಿದ ಹಣ್ಣಿಗೆ ಇದನ್ನು ಕೈಬಿಡಬೇಕು.

ಯೂರಿಯಾ ಸಿಂಪರಣೆಗೆ ಸೂಕ್ತ ಕಾಲ ಕೊಯ್ಲಿನ ನಂತರ, ಎಲೆಗಳು ಸಹಜವಾಗಿ ಉದುರುವುದಕ್ಕೆ ಸ್ವಲ್ಪ ಮುಂಚೆ. ಆಗ ಶೇ. 5ರ ಯೂರಿಯಾ, ಅಂದರೆ 200 ಲೀಟರ್ ನೀರಿಗೆ 10 ಕಿ.ಗ್ರಾಂ, ಸಿಂಪಡಿಸಿದರೆ ಉದುರಿದ ಎಲೆಗಳು ಬೇಗ ಕೊಳೆತು ಅವುಗಳಲ್ಲಿ ಚಳಿಗಾಲ ಕಳೆಯುವ ಕಜ್ಜಿ ರೋಗದ ಶಿಲೀಂಧ್ರ ಕಡಿಮೆಯಾಗುತ್ತದೆ. ಮುಂದಿನ ವರ್ಷದ ಹಣ್ಣು ಕಜ್ಜಿ ಕಲೆಯಿಲ್ಲದೆ ಬರಲು ಇದು ಸಹಾಯಕ.

ಕೊಯ್ಲಿಗೆ ಮುಂಚಿನ ಇತರೆ ಸಿಂಪರಣೆಗಳು

ಹಣ್ಣು ಉದುರುವುದನ್ನು ತಡೆಯಲು: ಉದುರುವಿಕೆ ಆರಂಭವಾಗುವ ನಿರೀಕ್ಷಿತ ದಿನಕ್ಕೆ ಸುಮಾರು ಒಂದು ವಾರ ಮುಂಚೆ ನ್ಯಾಫ್ತಲೀನ್ ಅಸಿಟಿಕ್ ಆಮ್ಲವನ್ನು 10 ಪಿ.ಪಿ.ಎಂ. ಪ್ರಮಾಣದಲ್ಲಿ ಸಿಂಪಡಿಸಬಹುದು. ಶೇ. 4.5ರ ಉತ್ಪನ್ನವಾದರೆ 200 ಲೀಟರ್ ನೀರಿಗೆ ಸುಮಾರು 45 ಮಿ.ಲೀ. ಸಾಕು. ಇದು ತೊಟ್ಟನ್ನು ಹಿಡಿದಿಡುತ್ತದೆ, ಮಾಗುವುದನ್ನು ನಿಲ್ಲಿಸುವುದಿಲ್ಲ. ಹಣ್ಣು ಮರದಲ್ಲಿಯೇ ಇದೆಯೆಂದು ಕೊಯ್ಲನ್ನು ಮುಂದೂಡಿದರೆ ಅತಿಯಾಗಿ ಮಾಗಿದ ಹಣ್ಣು ಉಗ್ರಾಣ ಸೇರುತ್ತದೆ.

ಬಣ್ಣ ಬರಿಸಲು: ಎಥೆಫಾನ್ ಸಿಂಪಡಿಸಿದರೆ ಕೆಂಪು ಬಣ್ಣ ಬೇಗ ಬರುತ್ತದೆ ನಿಜ. ಆದರೆ ಇದು ಹಣ್ಣಿನೊಳಗೆ ಎಥಿಲೀನ್ ಅನಿಲ ಬಿಡುಗಡೆ ಮಾಡಿ ಮಾಗುವಿಕೆಯನ್ನು ತ್ವರಿತಗೊಳಿಸುತ್ತದೆ. ಹೊರಗೆ ಕೆಂಪಾಗಿ ಕಂಡರೂ ಒಳಗೆ ಮೆತ್ತಗಾಗುವ ಇಂತಹ ಹಣ್ಣು ದೂರದ ಪ್ರಯಾಣವನ್ನೂ ತಾಳದು. ಸಂಗ್ರಹಿಸುವ ಹಣ್ಣಿಗೆ ಎಥೆಫಾನ್ ಬಳಸಲೇಬಾರದು. ಬೇಸಿಗೆಯಲ್ಲಿ ನೀರು ಚಿಗುರುಗಳನ್ನು ತೆಗೆದು ಮರದೊಳಗೆ ಬೆಳಕು ಬೀಳುವಂತೆ ಮಾಡುವುದು ಬಣ್ಣಕ್ಕೂ ಕ್ಯಾಲ್ಸಿಯಂಗೂ ಅನುಕೂಲಕರ.

ರೋಗ ನಿರ್ವಹಣೆ: ಮಳೆಗಾಲದಲ್ಲಿ ಹಣ್ಣಿನ ಮೇಲೆ ಮಸಿ ಮಚ್ಚೆ, ನೊಣಚುಕ್ಕೆ ಹಾಗೂ ಕೊಳೆರೋಗಗಳು ಬರುತ್ತವೆ. ಇವುಗಳಿಗೆ ಆಯಾ ರಾಜ್ಯದ ತೋಟಗಾರಿಕೆ ಇಲಾಖೆ ಪ್ರಕಟಿಸುವ ಸಿಂಪರಣಾ ವೇಳಾಪಟ್ಟಿಯನ್ನು ಅನುಸರಿಸಬೇಕು. ಕೊನೆಯ ಸಿಂಪರಣೆ ಮತ್ತು ಕೊಯ್ಲಿನ ನಡುವೆ ಲೇಬಲ್ಲಿನಲ್ಲಿ ಸೂಚಿಸಿದಷ್ಟು ದಿನಗಳ ಅಂತರ ಕಡ್ಡಾಯ.

ಕೊಯ್ಲಿಗೆ ಮುಂಚೆ ಮಾಡಬಹುದಾದ ಸರಳ ಪರೀಕ್ಷೆ

ಹಣ್ಣಿನ ಖನಿಜ ವಿಶ್ಲೇಷಣೆಯ ಸೌಲಭ್ಯವಿಲ್ಲದ ಬೆಳೆಗಾರರು ಕಹಿಕುಳಿಯ ಸಂಭವವನ್ನು ತಾವೇ ಅಂದಾಜು ಮಾಡಬಹುದು. ನಿರೀಕ್ಷಿತ ಕೊಯ್ಲಿಗೆ ಮೂರು ವಾರ ಮುಂಚೆ ತೋಟದ ಬೇರೆ ಬೇರೆ ಮರಗಳಿಂದ ದೋಷವಿಲ್ಲದ ಸುಮಾರು 100 ಹಣ್ಣುಗಳನ್ನು ಕಿತ್ತು, ಪ್ಲಾಸ್ಟಿಕ್ ಚೀಲಗಳಲ್ಲಿಟ್ಟು, ಮನೆಯೊಳಗೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಇರಿಸಬೇಕು. ವಾರಕ್ಕೊಮ್ಮೆ ಪರಿಶೀಲಿಸಿ ಕುಳಿ ಬಿದ್ದ ಹಣ್ಣುಗಳನ್ನು ಎಣಿಸಬೇಕು. ಕೊಯ್ಲಿನ ಹೊತ್ತಿಗೆ ಫಲಿತಾಂಶ ಕೈಯಲ್ಲಿರುತ್ತದೆ. ಕುಳಿ ಹೆಚ್ಚು ಕಂಡುಬಂದ ಭಾಗದ ಫಸಲನ್ನು ತಕ್ಷಣ ಮಾರಿ, ಕಡಿಮೆ ಕಂಡುಬಂದ ಭಾಗದ ಫಸಲನ್ನು ಮಾತ್ರ ಸಂಗ್ರಹಣೆಗೆ ಕಳುಹಿಸಬೇಕು. ತೋಟದ ಪ್ರತಿ ಭಾಗಕ್ಕೂ ಪರೀಕ್ಷೆ ಪ್ರತ್ಯೇಕವಾಗಿರಲಿ. ಎಳೆಯ ಮರಗಳ ಹಣ್ಣನ್ನು ಹಳೆಯ ಮರಗಳ ಹಣ್ಣಿನೊಂದಿಗೆ ಬೆರೆಸಬಾರದು.

ಕೊಯ್ಲಿನ ಹಂತ ಮತ್ತು ಸಂಗ್ರಹಣೆ

ಸರಿಯಾದ ಹಂತದಲ್ಲಿ ಕೊಯ್ಯದಿದ್ದರೆ ಮೇಲಿನ ಎಲ್ಲ ಸಿಂಪರಣೆಗಳ ಪ್ರಯೋಜನ ಕೈತಪ್ಪುತ್ತದೆ. ಬೇಗ ಕೊಯ್ದ ಹಣ್ಣು ಸುಕ್ಕುಗಟ್ಟುತ್ತದೆ, ರುಚಿ ಬರುವುದಿಲ್ಲ ಮತ್ತು ಕಹಿಕುಳಿ, ಸ್ಕಾಲ್ಡ್‌ಗಳಿಗೆ ತುತ್ತಾಗುತ್ತದೆ. ತಡವಾಗಿ ಕೊಯ್ದದ್ದು ಬೇಗ ಕುಸಿಯುತ್ತದೆ. ಕೆಂಪು ಬಣ್ಣವೊಂದನ್ನೇ ಅವಲಂಬಿಸದೆ ಕೆಳಗಿನ ಸೂಚಕಗಳನ್ನು ಒಟ್ಟಾಗಿ ಪರಿಗಣಿಸಬೇಕು.

• ಹಿನ್ನೆಲೆ ಬಣ್ಣ: ಸಿಪ್ಪೆಯ ಕಡುಹಸಿರು ತಿಳಿಹಸಿರಿಗೆ ತಿರುಗಬೇಕು.

• ಗಟ್ಟಿತನ: ದೀರ್ಘ ಸಂಗ್ರಹಣೆಗೆ ಡೆಲಿಶಿಯಸ್ ಹಣ್ಣು ಒತ್ತಡಮಾಪಕದಲ್ಲಿ ಸುಮಾರು 16ರಿಂದ 18 ಪೌಂಡ್ ತೋರಿಸಬೇಕು.

• ಅಯೋಡಿನ್ ಪರೀಕ್ಷೆ: ಒಂದು ಲೀಟರ್ ನೀರಿನಲ್ಲಿ 10 ಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಮತ್ತು 2.5 ಗ್ರಾಂ ಅಯೋಡಿನ್ ಕರಗಿಸಿದ ದ್ರಾವಣದಲ್ಲಿ, ಅಡ್ಡಲಾಗಿ ಕತ್ತರಿಸಿದ ಹಣ್ಣಿನ ಹೋಳನ್ನು ಒಂದು ನಿಮಿಷ ಅದ್ದಬೇಕು. ಪಿಷ್ಟವಿರುವ ಭಾಗ ಕಡುನೀಲಿಯಾಗುತ್ತದೆ. ಬೀಜದ ಸುತ್ತಲಿನ ನಡುಭಾಗ ಬಿಳಿಯಾಗಿ, ಹೊರಗಿನ ತಿರುಳಿನ ಬಹುಭಾಗ ಇನ್ನೂ ನೀಲಿಯಾಗಿದ್ದರೆ ಅದು ದೀರ್ಘ ಸಂಗ್ರಹಣೆಗೆ ತಕ್ಕ ಹಂತ. ಪರೀಕ್ಷಿಸಿದ ಹೋಳುಗಳನ್ನು ತಿನ್ನಬಾರದು, ಜಾನುವಾರುಗಳಿಗೂ ಹಾಕಬಾರದು.

ಹಣ್ಣನ್ನು ತೊಟ್ಟು ಸಹಿತ ಬಿಡಿಸಿ, ಪೆಟ್ಟಾಗದಂತೆ ನೆರಳಿಗೆ ಸಾಗಿಸಿ, ಸಾಧ್ಯವಾದಷ್ಟು ಬೇಗ ತಂಪುಗೊಳಿಸಬೇಕು. ಬಿಸಿ ವಾತಾವರಣದಲ್ಲಿ ಒಂದು ದಿನ ಉಳಿದ ಹಣ್ಣು ಶೀತಲಗೃಹದ ಒಂದು ವಾರದ ಬಾಳಿಕೆಯನ್ನಾದರೂ ಕಳೆದುಕೊಳ್ಳುತ್ತದೆ. ಡೆಲಿಶಿಯಸ್ ಗುಂಪಿನ ಹಣ್ಣನ್ನು 0ರಿಂದ 1 ಡಿಗ್ರಿ ಸೆಲ್ಸಿಯಸ್ ತಾಪಮಾನ ಮತ್ತು ಶೇ. 90ರಿಂದ 95ರ ಸಾಪೇಕ್ಷ ಆರ್ದ್ರತೆಯಲ್ಲಿ ಸಂಗ್ರಹಿಸಲಾಗುತ್ತದೆ. ಆಮ್ಲಜನಕ ತಗ್ಗಿಸಿದ ನಿಯಂತ್ರಿತ ವಾತಾವರಣದ ಉಗ್ರಾಣಗಳಲ್ಲಿ ಬಾಳಿಕೆ ಇನ್ನೂ ಹೆಚ್ಚು. ಪುಲ್ವಾಮಾ ಜಿಲ್ಲೆಯ ಲಾಸಿಪೋರಾದಲ್ಲಿ ಇಂತಹ ಅನೇಕ ಉಗ್ರಾಣಗಳು ಕಾರ್ಯನಿರ್ವಹಿಸುತ್ತಿವೆ.

ಕರ್ನಾಟಕದ ಬೆಳೆಗಾರರಿಗೆ ಸೂಚನೆ

ಹಿಮಾಚಲದ ಬಿಲಾಸಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರು ಅಭಿವೃದ್ಧಿಪಡಿಸಿದ ಎಚ್.ಆರ್.ಎಂ.ಎನ್.-99 ಹಾಗೂ ಅನ್ನಾ, ಡಾರ್ಸೆಟ್ ಗೋಲ್ಡನ್ ಮೊದಲಾದ ಕಡಿಮೆ ಶೀತ ಬೇಡುವ ತಳಿಗಳನ್ನು ನಮ್ಮ ರಾಜ್ಯದಲ್ಲಿಯೂ ಕೆಲವು ರೈತರು ನೆಟ್ಟಿದ್ದಾರೆ. ಇವು ಬೇಗ ಮಾಗುವ, ಬಾಳಿಕೆ ಕಡಿಮೆ ಇರುವ ತಳಿಗಳು. ಇವುಗಳಲ್ಲಿ ಸಿಂಪರಣೆಯ ಉದ್ದೇಶ ತಿಂಗಳುಗಟ್ಟಲೆ ಸಂಗ್ರಹಿಸುವುದಲ್ಲ. ಹಣ್ಣು ಗಟ್ಟಿಯಾಗಿ ಮಾರುಕಟ್ಟೆ ತಲುಪುವಂತೆ ನೋಡಿಕೊಳ್ಳುವುದು.

ಮೇಲೆ ಹೇಳಿದ ಪ್ರಮಾಣಗಳು ತಂಪಾದ ಬೆಟ್ಟ ಪ್ರದೇಶಗಳಿಗೆ ಹೊಂದುವಂತಹವು. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಹಗಲಿನ ತಾಪಮಾನ 28 ಡಿಗ್ರಿಯನ್ನು ಸುಲಭವಾಗಿ ಮೀರುವುದರಿಂದ ಪ್ರತಿ ಲೀಟರ್‌ಗೆ 2 ಗ್ರಾಂನಿಂದ ಆರಂಭಿಸಿ, ಸಂಜೆಯ ತಂಪಿನಲ್ಲಿ ಮಾತ್ರ ಸಿಂಪಡಿಸಬೇಕು. ಮೊದಲು ಎರಡು ಮೂರು ಗಿಡಗಳ ಮೇಲೆ ಪ್ರಯೋಗಿಸಿ ನೋಡಬೇಕು. ಹೂವಿನಿಂದ ಕೊಯ್ಲಿನವರೆಗಿನ ಅವಧಿ ಇಲ್ಲಿ ಕಡಿಮೆ. ಆದುದರಿಂದ ಕಾಯಿ ಕಚ್ಚಿದ ಮೂರು ವಾರಗಳ ನಂತರ ಆರಂಭಿಸಿ ಎರಡು ವಾರಗಳ ಅಂತರದಲ್ಲಿ ಮೂರು ಸಿಂಪರಣೆ ನೀಡುವುದು ಸೂಕ್ತ. ಹನಿ ನೀರಾವರಿಯಿಂದ ತೇವಾಂಶ ಏರುಪೇರಾಗದಂತೆ ನೋಡಿಕೊಳ್ಳುವುದು ಸಿಂಪರಣೆಯಷ್ಟೇ ಮುಖ್ಯ.

ನೆನಪಿಡಬೇಕಾದ ಅಂಶಗಳು

1. ಯಾವ ಭಾಗದ ಫಸಲನ್ನು ಸಂಗ್ರಹಿಸಬೇಕು, ಯಾವುದನ್ನು ತಕ್ಷಣ ಮಾರಬೇಕು ಎಂಬುದನ್ನು ಕಾಯಿ ಕಚ್ಚಿದ ಹಂತದಲ್ಲಿಯೇ ಯೋಜಿಸಿ, ಸಂಗ್ರಹಿಸುವ ಭಾಗಕ್ಕೆ ಪೂರ್ಣ ಸಿಂಪರಣಾ ಕ್ರಮ ಅನುಸರಿಸಬೇಕು.

2. ಕ್ಯಾಲ್ಸಿಯಂ ದ್ರಾವಣ ಹಣ್ಣನ್ನೇ ತೋಯಿಸಬೇಕು. ಸೌಮ್ಯ ಪ್ರಮಾಣ, ಹೆಚ್ಚು ಬಾರಿ.

3. ಉತ್ಪನ್ನ ಕೊಳ್ಳುವಾಗ ಕ್ಯಾಲ್ಸಿಯಂನ ಶೇಕಡಾವಾರು ಪ್ರಮಾಣ ಓದಿ ಬೆಲೆ ಹೋಲಿಸಬೇಕು.

4. ಕಡಿಮೆ ಫಸಲಿನ ವರ್ಷದಲ್ಲಿ ಸಿಂಪರಣೆ ಹೆಚ್ಚಿಸಬೇಕು, ಸಾರಜನಕ ತಗ್ಗಿಸಬೇಕು.

5. ಸಂಗ್ರಹಿಸುವ ಹಣ್ಣಿಗೆ ಎಥೆಫಾನ್ ಬೇಡ, ತಡವಾದ ಯೂರಿಯಾ ಬೇಡ.

6. ಪ್ರತಿ ಸಿಂಪರಣೆಯ ದಿನಾಂಕ, ಪ್ರಮಾಣ ಮತ್ತು ಹವಾಮಾನವನ್ನು ಬರೆದಿಡಬೇಕು. ಉಗ್ರಾಣದಿಂದ ಹಣ್ಣು ಹೊರಬಂದಾಗ ಈ ದಾಖಲೆಯೊಂದಿಗೆ ಹೋಲಿಸಿ ನೋಡಿದರೆ ಮುಂದಿನ ವರ್ಷದ ಕ್ರಮವನ್ನು ರೈತರು ತಮ್ಮ ತೋಟಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು.